ನಿಂತ ಲಾರಿಯೊಳಗಿನ 13 ಗಂಟೆ

ಯಾವ ಲಾರಿ ಯಾವ ಲೋಡಿಗೆ ಹೋಗಬೇಕೆಂದು ಗೊತ್ತುಮಾಡುವುದು ಸರಕು ಸಾಗಣೆ ಕಚೇರಿಯಲ್ಲಿ ನನ್ನ ಕೆಲಸ. ನನ್ನ ಮೇಜಿನ ಪರದೆಯಲ್ಲಿ ಓಡುತ್ತಿರುವ ಲಾರಿ ಹಸಿರು ಚುಕ್ಕೆಯಾಗಿಯೂ ನಿಂತಿರುವ ಲಾರಿ ಕೆಂಪು ಚುಕ್ಕೆಯಾಗಿಯೂ ಕಾಣುತ್ತದೆ. ಕೆಂಪು ಕಂಡ ಕೂಡಲೇ ಚಾಲಕನಿಗೆ ಫೋನು ಮಾಡಿ ಗಾಡಿ ಏಕೆ ನಿಂತಿದೆ ಎಂದು ವಿಚಾರಿಸುವುದನ್ನು ಬಹಳ ವರ್ಷ ನಾನು ಕರ್ತವ್ಯನಿಷ್ಠೆ ಎಂದೇ ತಿಳಿದಿದ್ದೆ.

ನಮ್ಮ 14 ಲಾರಿಗಳ ಪೈಕಿ 4 ಲಾರಿಗಳು ಚಾಲಕರಿಲ್ಲದೆ ಯಾರ್ಡಿನಲ್ಲೇ ಉಳಿದ ಕಾಲವೊಂದಿತ್ತು. ಡ್ರೈವರ್‌ಗಳೇ ಸಿಗುವುದಿಲ್ಲ ಎಂಬುದು ಈ ವ್ಯವಹಾರದಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತಾದ್ದರಿಂದ ನಾನೂ ಮಾಲೀಕರಿಗೆ ಅದನ್ನೇ ಹೇಳಿದೆ. ಟ್ರಿಪ್ಪಿನ ಭತ್ಯೆ ಹೆಚ್ಚಿಸಿದೆವು. ಹೊಸಬರು ಬಂದರು, ಎರಡು ಮೂರು ತಿಂಗಳು ದುಡಿದರು, ಕೀಲಿಕೈಯನ್ನು ಮೇಜಿನ ಮೇಲಿಟ್ಟು ಹೋದರು. ಕೊನೆಗೆ ನಮ್ಮಲ್ಲಿ ಎಲ್ಲರಿಗಿಂತ ಹಳಬರಾಗಿದ್ದ, ಒಂದು ದಿನವೂ ಎದುರಾಡದಿದ್ದ ಚಾಲಕರೇ ಬಿಡುತ್ತೇನೆಂದಾಗ ಕಾರಣ ಕೇಳಿದೆ. “ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲ ಸರ್, ಒಂದು ಟ್ರಿಪ್ ನನ್ನ ಜೊತೆ ಬನ್ನಿ” ಎಂದರು.

ಹೋದೆ. ರಾತ್ರಿಯ ಓಟವೇ ಕಷ್ಟದ ಭಾಗವಿರಬೇಕೆಂದು ಎಣಿಸಿದ್ದೆ. ಅದು ನಿರಾಳವಾಗಿಯೇ ಕಳೆಯಿತು. ಬೆಳಿಗ್ಗೆ 6 ಗಂಟೆಗೆ ಗೋದಾಮಿನ ಗೇಟು ತಲುಪಿದೆವು. ಕಿಟಕಿಯೊಳಗಿನ ಗುಮಾಸ್ತ ಬಿಲ್ಲುಗಳನ್ನು ತೆಗೆದುಕೊಂಡು, ತಲೆ ಎತ್ತದೆಯೇ ಟೋಕನ್ ಕೊಟ್ಟ. ನಮ್ಮ ಮುಂದೆ 11 ಲಾರಿಗಳಿದ್ದವು. ಸಾಲು ಯಾವಾಗ ಸರಿಯುತ್ತದೆಂದು ಯಾರಿಗೂ ಗೊತ್ತಿರಲಿಲ್ಲ, ಸರಿದಾಗ ಸ್ಟೇರಿಂಗ್ ಹಿಡಿಯಲು ಆಳಿಲ್ಲದಿದ್ದರೆ ಹಿಂದಿನವರು ಮುಂದೆ ನುಗ್ಗುತ್ತಿದ್ದರು. ಆದ್ದರಿಂದ ಸೀಟಿನ ಹಿಂದಿನ ಹಲಗೆಯ ಮೇಲೆ ಮೈಚಾಚಿದವರೂ ಕಣ್ಣು ಮುಚ್ಚುವಂತಿರಲಿಲ್ಲ. ಗೋದಾಮಿನ ಶೌಚಾಲಯದ ಬಾಗಿಲಿಗೆ ಬೀಗವಿತ್ತು, ಅದರ ಮೇಲೆ ಸಿಬ್ಬಂದಿಗೆ ಮಾತ್ರ ಎಂದು ಬರೆದಿತ್ತು. ಮಧ್ಯಾಹ್ನ ನಮ್ಮ ಸರದಿ ಬಂದು, ಟಾರ್ಪಾಲಿನ ಹಗ್ಗ ಬಿಚ್ಚುವಷ್ಟರಲ್ಲಿ ಹಮಾಲರ ಪಾಳಿ ಮುಗಿದಿತ್ತು. ಮಾಲು ಇಳಿದು, ರಸೀದಿಗೆ ಮೊಹರು ಬಿದ್ದು ಗೇಟು ದಾಟಿದಾಗ ಸಂಜೆ 7 ಗಂಟೆ.

ಈ ನಡುವೆ ಅವರ ಫೋನು ಐದು ಸಲ ರಿಂಗಾಯಿತು. ಐದೂ ನಮ್ಮ ಕಚೇರಿಯವೇ. ನನ್ನ ಬದಲಿಗೆ ಕುಳಿತಿದ್ದ ಹುಡುಗ, ನಾನು ಕಲಿಸಿಕೊಟ್ಟ ಮಾತನ್ನೇ ಒಂದಕ್ಷರ ಬಿಡದೆ ಕೇಳುತ್ತಿದ್ದ. ಐದನೆಯ ಸಲ, ಮುಂದಿನ ಲೋಡು ಸಿದ್ಧವಿದೆ, ಬೆಳಗಾಗುವುದರೊಳಗೆ ತಲುಪಬೇಕು ಎಂದ. 13 ಗಂಟೆ ನಿದ್ದೆಯಿಲ್ಲದೆ ಕಾದ ಮನುಷ್ಯನನ್ನು ಮತ್ತೊಂದು ರಾತ್ರಿಯ ಓಟಕ್ಕೆ ಕಳಿಸುವ ಪಟ್ಟಿಯನ್ನು ಹೊರಡುವ ಮುನ್ನ ತಯಾರಿಸಿಟ್ಟು ಬಂದಿದ್ದವನು ನಾನೇ. ಆ ಪಟ್ಟಿಯ ಪ್ರಕಾರ ಆತ ದಿನವಿಡೀ ವಿಶ್ರಾಂತಿಯಲ್ಲಿದ್ದರು! ಓಟಕ್ಕೆ ದುಡ್ಡಿತ್ತು, ಕಾಯುವುದಕ್ಕೆ ಚಿಕ್ಕಾಸೂ ಇರಲಿಲ್ಲ. ನಾನು ಫೋನು ಕಸಿದುಕೊಂಡು ಆ ಲೋಡನ್ನು ರದ್ದು ಮಾಡಿಸಿದೆ.

ಹಿಂದಿರುಗಿದ ಮೇಲೆ ಬೇರೆ ದೇಶಗಳ ನಿಯಮಗಳನ್ನು ಓದಿ ನೋಡಿದೆ. ಐರೋಪ್ಯ ಒಕ್ಕೂಟದಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಚಾಲಕ 45 ನಿಮಿಷ ವಿರಮಿಸಬೇಕು. ದಿನದ ಮಿತಿ 9 ಗಂಟೆ, ವಾರದಲ್ಲಿ ಎರಡು ದಿನ ಮಾತ್ರ 10 ಗಂಟೆ. ಅಮೆರಿಕದಲ್ಲಿ ಕೆಲಸ ಆರಂಭಿಸಿದ 14 ಗಂಟೆಗಳೊಳಗೆ 11 ಗಂಟೆ ಓಡಿಸಬಹುದು, ಮತ್ತು ಆ 14 ಗಂಟೆಗಳ ಲೆಕ್ಕ ಸರದಿಯಲ್ಲಿ ಕಾಯುವಾಗಲೂ ಸಾಮಾನ್ಯವಾಗಿ ಸಾಗುತ್ತಲೇ ಇರುತ್ತದೆ. ಆದರೆ ಅಲ್ಲಿಯೂ ಮೈಲಿ ಲೆಕ್ಕದಲ್ಲಿ ಸಂಬಳ ಪಡೆಯುವವರು ಬಹಳ, ಹಾಗಾಗಿ ಕಾಯುವ ಚಾಲಕ ಓಡಿಸುವ ಅವಕಾಶವನ್ನೂ ದುಡಿಮೆಯನ್ನೂ ಒಟ್ಟಿಗೇ ಕಳೆದುಕೊಳ್ಳುತ್ತಾನೆ. 2021ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಪೆಟ್ರೋಲ್ ಬಂಕುಗಳ ಮುಂದೆ ವಾಹನಗಳು ಸಾಲುಗಟ್ಟಿ, ಚಾಲಕರು ಸಾಲದೆ ಅಕ್ಟೋಬರಿನಲ್ಲಿ ಸೈನಿಕರು ಟ್ಯಾಂಕರ್ ಓಡಿಸಬೇಕಾಗಿ ಬಂದಾಗಲೂ ಲಾರಿಯ ಪರವಾನಗಿ ಇಟ್ಟುಕೊಂಡು ಬೇರೆ ಕಸುಬು ಹಿಡಿದಿದ್ದವರಿಗೆ ಅಲ್ಲಿ ಕೊರತೆಯಿರಲಿಲ್ಲ.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಜಪಾನಿನ ಉದಾಹರಣೆ. ಅಲ್ಲಿ 2024ರ ಏಪ್ರಿಲ್ 1ರಿಂದ ಲಾರಿ ಚಾಲಕರ ಹೆಚ್ಚುವರಿ ದುಡಿಮೆಗೆ ವರ್ಷಕ್ಕೆ 960 ಗಂಟೆಗಳ ಮಿತಿ ಹಾಕಿದಾಗ ಸರಕು ಸಾಗಣೆಯೇ ಕುಂಟುತ್ತದೆಂಬ ಆತಂಕ ಎದ್ದಿತ್ತು. ಅದಕ್ಕೆ ಮುಂಚಿತವಾಗಿ, 2023ರಲ್ಲೇ, ಕಾಯುವ ಹಾಗೂ ಲೋಡು ಇಳಿಸಿ ಏರಿಸುವ ಸಮಯವೆಲ್ಲ ಸೇರಿ ಎರಡು ಗಂಟೆಯೊಳಗೆ ಮುಗಿಯಬೇಕೆಂಬ ಮಾರ್ಗಸೂಚಿಯನ್ನು ಸರ್ಕಾರ ಹೊರಡಿಸಿತು. ಅದು ಬೆರಳು ಮಾಡಿದ್ದು ಚಾಲಕನ ಕಡೆಗಲ್ಲ, ಸರಕಿನ ಮಾಲೀಕನ ಗೇಟಿನ ಕಡೆಗೆ.

ನಾವು ಮಾಡಿದ್ದು ಸಣ್ಣ ಕೆಲಸ. ಟ್ರಿಪ್ ಶೀಟಿಗೆ ಗೇಟು ಮುಟ್ಟಿದ ಹೊತ್ತು, ಇಳಿಸಲು ಆರಂಭಿಸಿದ ಹೊತ್ತು, ಗೇಟು ಬಿಟ್ಟ ಹೊತ್ತು ಎಂಬ ಮೂರು ಅಂಕಣಗಳನ್ನು ಸೇರಿಸಿದೆವು. ಮೊದಲ ತಿಂಗಳು ಅವು ಬಹುತೇಕ ಖಾಲಿಯಾಗಿಯೇ ಮರಳಿದವು, ಏಕೆಂದರೆ ಬರೆದದ್ದನ್ನು ತಮ್ಮ ವಿರುದ್ಧವೇ ಬಳಸುತ್ತಾರೆಂಬುದು ಚಾಲಕರ ಅನುಮಾನ. ವರ್ಷಗಟ್ಟಲೆ ಫೋನು ಮಾಡಿ ಗದರಿದವನ ಮಾತನ್ನು ಅವರು ಏಕೆ ನಂಬಬೇಕಿತ್ತು? ಕಾಯುವ ಗಂಟೆಗಳಿಗೂ ಹಣ ಕೈಗೆ ಬರತೊಡಗಿದ ಮೇಲೆ ಅಂಕಣಗಳು ತುಂಬಿದವು. ಆ ಶೀಟುಗಳನ್ನು ಹಿಡಿದು ಗಿರಾಕಿಗಳ ಬಳಿ ಹೋದೆವು. ಒಬ್ಬರು ಲಾರಿಗೊಂದರಂತೆ ಸಮಯ ನಿಗದಿಪಡಿಸಲು ಒಪ್ಪಿದರು, ಮತ್ತೊಬ್ಬರು ತಕರಾರಿನ ನಂತರ ಹಾಲ್ಟಿಂಗ್ ಹಣ, ಅಂದರೆ ಲಾರಿಯನ್ನು ಕಾಯಿಸಿದ್ದಕ್ಕೆ ತೆರುವ ಹಣ, ಕೊಡತೊಡಗಿದರು. ಆ 13 ಗಂಟೆಯ ಗೋದಾಮಿನವರು ಮಾತ್ರ ಯಾವುದಕ್ಕೂ ಒಪ್ಪದಿದ್ದಾಗ ಅವರ ಲೋಡನ್ನೇ ಬಿಟ್ಟೆವು. ಮಾಲೀಕರಿಗೆ ಅದು ಸುಲಭದ ನಿರ್ಧಾರವಾಗಿರಲಿಲ್ಲ, ಈಗಲೂ ನನ್ನ ಮುಂದೆ ಆಗಾಗ ಆ ವಿಷಯ ತೆಗೆಯುತ್ತಾರೆ. ಯಾರ್ಡಿನಲ್ಲಿ ನಿಂತಿದ್ದ 4 ಲಾರಿಗಳಲ್ಲಿ 3 ಓಡುತ್ತಿವೆ.

ಆ ಹಿರಿಯ ಚಾಲಕರು ಮರಳಲಿಲ್ಲ. ಅಪರೂಪಕ್ಕೆ ಫೋನು ಮಾಡಿದಾಗ ಅವರು ಮೊದಲು ಕೇಳುವುದು, ನಮ್ಮ ಲಾರಿಗಳು ಹೋಗುವ ಗೋದಾಮುಗಳಲ್ಲಿ ಎಷ್ಟರ ಶೌಚಾಲಯದ ಬೀಗ ತೆಗೆಸಿದ್ದೇವೆ ಎಂದು. ಹೋದ ಸಲ ಎರಡು ಎಂದಿದ್ದೆ. ಈ ಸಲವೂ ಎರಡೇ ಎನ್ನಬೇಕಾಯಿತು.