ಬಟ್ಟೆ ಒಣಗಿಸುವ ಹಗ್ಗ

ಇಂದು ಬೆಳಿಗ್ಗೆ ತಂಗಿಗಾಗಿ ಮಂಗಳೂರಿನ ಬಿಜೈಯಲ್ಲಿ ಒಂದು ಬಾಡಿಗೆ ಕೋಣೆಯನ್ನು ನೋಡಿ ಬಂದೆ.

ಮಂಚ ಹಾಕಿದರೆ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಅಡುಗೆಕಟ್ಟೆಯ ಮೇಲೆ ಗ್ಯಾಸ್ ಒಲೆ ಇಟ್ಟರೆ ಬೇರೇನನ್ನೂ ಇಡಲಾಗದು. ಬಾಡಿಗೆ ತಿಂಗಳಿಗೆ 9,000 ರೂಪಾಯಿ, ಅಡ್ವಾನ್ಸ್ 50,000.

ನನ್ನ ಕಣ್ಣು ನಿಂತದ್ದು ಗೋಡೆಯಿಂದ ಗೋಡೆಗೆ ಕಟ್ಟಿದ್ದ ನೈಲಾನ್ ಹಗ್ಗದ ಮೇಲೆ. ಬಾಲ್ಕನಿಯೇ ಇಲ್ಲದ ಆ ಕೋಣೆಯಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆಗಾಲವಿಡೀ, ಹಿಂದೆ ಇದ್ದವರು ಒದ್ದೆ ಬಟ್ಟೆಗಳನ್ನು ತಾವು ಮಲಗುವ ಹಾಸಿಗೆಯ ಮೇಲೆಯೇ ಒಣಹಾಕಿರಬೇಕು. ಹಗ್ಗದ ಪಕ್ಕದ ಗೋಡೆಯಲ್ಲಿ ಬೂಸ್ಟಿನ ಕಪ್ಪು ಗುರುತು ಇನ್ನೂ ಉಳಿದಿತ್ತು. ಆ ತೇವದ ವಾಸನೆಯನ್ನು ಉಸಿರಾಡುತ್ತ ಯಾರೋ ನಾಲ್ಕು ತಿಂಗಳು ನಿದ್ರಿಸಿದ್ದಾರೆ, ಅದಕ್ಕಾಗಿ ಹಣವನ್ನೂ ಕೊಟ್ಟಿದ್ದಾರೆ ಎಂಬುದು ನನ್ನನ್ನು ಬಹಳ ನೋಯಿಸಿತು.

ಒಂದೇ ಕೋಣೆಯಿದ್ದರೆ ಅದು 9.5 ಚದರ ಮೀಟರ್‌ಗಿಂತ, ಅಂದರೆ ಸುಮಾರು 102 ಚದರ ಅಡಿಗಿಂತ, ಕಡಿಮೆ ಇರಬಾರದು ಎನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಯ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂದು ಹೇಳುತ್ತದೆ. ಆದರೆ ಅದು ಮಾದರಿ ಮಾತ್ರ, ರಾಜ್ಯಗಳು ಅಳವಡಿಸಿಕೊಳ್ಳದೆ ಜಾರಿಗೆ ಬಾರದು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಕೇಳುವ ರೂಢಿಯ ಬಗ್ಗೆ ಮರುಗುತ್ತಿದ್ದ ನಾವು ಈಗ ಅದೇ ದಾರಿಯಲ್ಲಿ ಅರ್ಧ ದೂರ ಬಂದಿದ್ದೇವೆ.

ತಂಗಿ ಫೋನಿನಲ್ಲಿ, "ಬಿಸಿಲು ಬರುವ ಕಿಟಕಿ ಉಂಟಾ ಅಣ್ಣ?" ಎಂದು ಕೇಳಿದಳು. ಕಿಟಕಿ ಉಂಟು, ಆದರೆ ಅದು ಪಕ್ಕದ ಕಟ್ಟಡದ ಗೋಡೆಗೆ ಎದುರಾಗಿದೆ ಎಂದು ಹೇಳಿದೆ.

ನಾಳೆ ಕುಲಶೇಖರದ ಕಡೆ ಇನ್ನೊಂದನ್ನು ನೋಡುವುದಿದೆ.