ಮಾವನ ಖಂಜಿರ

23 ಜುಲೈ 2023, ಭಾನುವಾರ
ಕುಂಬಳೆ

ಆಟಿಯ ಮಳೆ ಬಿಟ್ಟಿಲ್ಲ. ನಿನ್ನೆ ರಾತ್ರಿ ಪಕ್ಕದ ಮನೆಯಲ್ಲಿ ತಾಳಮದ್ದಳೆ ಇತ್ತು. ಚೆಂಡೆಯವರು ಮೊದಲು ಹೋಗಿ ಕೂತದ್ದು ಒಲೆಯ ಬುಡದಲ್ಲಿ. ಥಂಡಿಗೆ ದನದ ಚರ್ಮದ ಮುಚ್ಚಿಗೆ ಸಡಿಲವಾಗಿತ್ತು. ಬಿಸಿ ತಾಗಿದ ಮೇಲೆಯೇ ಸ್ವರ ಎದ್ದದ್ದು.

ನನಗೆ ಸೋದರಮಾವನ ಖಂಜಿರ, ಕೈಯಲ್ಲಿ ಹಿಡಿದು ಬಾರಿಸುವ ಆ ಸಣ್ಣ ಚರ್ಮವಾದ್ಯ, ನೆನಪಾಯಿತು. ಚೆಂಡೆಗೆ ಆಗದ ನೀರೇ ಅದಕ್ಕೆ ಬೇಕು. ಮಾವ ಚೊಂಬಿನಲ್ಲಿ ಬೆರಳು ಅದ್ದಿ ಚರ್ಮದ ಒಳಬದಿಗೆ ಸವರುತ್ತಿದ್ದರು. ಒಣಗಿದ್ದಾಗ ಬರೀ 'ಟಣ್' ಅನ್ನುವ ಚರ್ಮ, ನೀರು ಕುಡಿದ ಮೇಲೆ 'ಗುಂ' ಅನ್ನುತ್ತಿತ್ತು. ಎಡಗೈ ಬೆರಳಿಂದ ಅಂಚಿನಲ್ಲಿ ಒತ್ತಿದರೆ ಆ ಗುಂಕಾರ ಜಾರಿಕೊಂಡು ಮೇಲೇರುತ್ತಿತ್ತು. ಒಂದು ಹಲಸಿನ ಮರದ ಬಳೆ, ಅದಕ್ಕೊಂದು ಜೋಡಿ ಬಿಲ್ಲೆ. ಅಷ್ಟರಲ್ಲಿ ಅಷ್ಟು ದೊಡ್ಡ ನಾದ!

"ಇದು ಎಂತದರ ಚರ್ಮ ಮಾವ?" ಅಂತ ಕೇಳಿದ್ದೆ.

"ಉಡದ್ದು. ತೆಳ್ಳಗೆ ಇರ್ತದೆ. ಆಡಿನದ್ದು ಇಷ್ಟು ಮಾತಾಡುವುದಿಲ್ಲ."

ಭಜನೆಯಲ್ಲಿದ್ದ ಖಂಜಿರವನ್ನು ಸಂಗೀತ ಕಛೇರಿಗೆ ತಂದವರು ಪುದುಕ್ಕೋಟೆಯ ಮಾನ್ಪೂಂಡಿಯಾ ಪಿಳ್ಳೆ. ಅವರ ಕೈಚಳಕದ ಹಿಂದೆಯೂ ಈ ಪ್ರಾಣಿ ಇತ್ತು ಅಂತ ಆಮೇಲೆ ಗೊತ್ತಾಯಿತು. ಈಗ ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ. ಹಿಡಿಯುವಂತಿಲ್ಲ, ಚರ್ಮ ಮಾರುವಂತಿಲ್ಲ. ಸರಿಯಾದದ್ದೇ. ಹೋದ ವಾರ ನಮ್ಮ ತೋಟದ ಕೆಂಪುಕಲ್ಲಿನ ಕಟ್ಟೆಯ ಮೇಲೆ ಒಂದು ಉಡ ನಾಲಿಗೆ ಚಾಚಿ ಮಲಗಿತ್ತು. ಅದನ್ನು ಕೊಂದು ಬರುವ ನಾದ, ಎಷ್ಟೇ ಚಂದ ಇರಲಿ, ನನಗೆ ಬೇಡ.

ಪಿಟೀಲು ಕಲಿಯುವ ತಂಗಿಯ ಮಗಳು ಇದನ್ನೆಲ್ಲ ಕೇಳುತ್ತಾ ಕೂತಿದ್ದಳು. "ದೊಡ್ಡಮ್ಮ, ಹಿಂದೆ ತಂತಿಯನ್ನು ಬೆಕ್ಕಿನ ಕರುಳಿಂದ ಮಾಡ್ತಿದ್ದರಂತೆ, ಹೌದಾ?" ಅಂದಳು. ಅಲ್ಲ, ಇಂಗ್ಲಿಷಿನಲ್ಲಿ ಕ್ಯಾಟ್‌ಗಟ್ ಅನ್ನುವ ಹೆಸರು ಮಾತ್ರ ಬೆಕ್ಕಿನದ್ದು. ಕರುಳು ಜಾಸ್ತಿ ಕುರಿಯದ್ದೇ. ಅವಳ ಪಿಟೀಲಿಗೆ ಈಗ ಉಕ್ಕಿನ ತಂತಿ. ಕಮಾನಿಗೆ ಮಾತ್ರ ಇನ್ನೂ ಕುದುರೆಯ ಬಾಲದ ಕೂದಲು. ಅಷ್ಟು ಕೇಳಿದ್ದೇ ತಡ, ಪೆಟ್ಟಿಗೆಯಿಂದ ಕಮಾನು ತೆಗೆದು ಒಂದೊಂದೇ ಎಳೆ ನೋಡತೊಡಗಿದಳು.

ಮಾವನ ಖಂಜಿರದ ಚರ್ಮ ಹರಿದು ವರ್ಷಗಳಾದವು. ಅಟ್ಟದಲ್ಲಿ ಬಳೆ ಮಾತ್ರ ಉಳಿದಿತ್ತು. ಹೋದ ತಿಂಗಳು ಅದಕ್ಕೆ ಆಡಿನ ಚರ್ಮ ಹಾಕಿಸಿದೆ. ಇವತ್ತು ಸಂಜೆ ಮೊದಲ ಸಲ ಕೈಗೆತ್ತಿಕೊಂಡೆ. ಮಾವ ಹೇಳಿದ್ದು ನಿಜ, ಅಷ್ಟು ಮಾತಾಡುವುದಿಲ್ಲ. ಆದರೆ ಬಾರಿಸುತ್ತಾ ಹೋದ ಹಾಗೆ ತಗ್ಗಿನಲ್ಲೊಂದು 'ಗುಂ' ಸಿಕ್ಕಿತು. ಗಾಳಿಯಲ್ಲೇ ಇಷ್ಟು ನೀರಿರುವಾಗ ಚೊಂಬು ತರುವ ಕೆಲಸವೇ ಬೀಳಲಿಲ್ಲ.