ಕಾರ್ಡ್ ರೇಟ್ ಇಷ್ಟು ಏರಿದ ಮೇಲೂ ಹೇಗೆ ಆಡ್ತೀರಿ?

ನಾನು ಪೋಕೆಮಾನ್ ಕಾರ್ಡ್ ಆಡುತ್ತೇನೆ ಅಂತ ಗೊತ್ತಾದವರೆಲ್ಲ ಸುತ್ತಿ ಬಳಸಿ ಕೇಳುವುದು ಒಂದೇ ಪ್ರಶ್ನೆ. "ಒಂದ್ ಪ್ಯಾಕೆಟ್ಟಿನ ರೊಕ್ಕದಾಗ ಮನಿಮಂದಿಗೆಲ್ಲ ಗಿರ್ಮಿಟ್ಟು ಮಿರ್ಚಿ ಬರ್ತಾವ್ರಿ, ನಿಮಗ ಹೆಂಗ ಪರವಡಸ್ತದ?" ಆಫೀಸಿನವರು ತಮಾಷೆಗೆ ಕೇಳುತ್ತಾರೆ. ಕಾಲೇಜು ಹುಡುಗರು ಆಸೆಯಿಂದ ಕೇಳುತ್ತಾರೆ. ಮಗನಿಗೆ ಕಾರ್ಡ್ ಹುಚ್ಚು ಹತ್ತಿದ ಅಪ್ಪಂದಿರು ಸ್ವಲ್ಪ ಸಿಟ್ಟಿನಿಂದಲೇ ಕೇಳುತ್ತಾರೆ. (ಕಾರ್ಡ್ ಅಂದ ಕೂಡಲೇ ಇಸ್ಪೀಟು ಅಂದುಕೊಂಡು ಮುಖ ಗಂಟು ಹಾಕುವ ಹಿರಿಯರೂ ಇದ್ದಾರೆ, ಅವರ ಮುಂದೆ ನಾನು ಬಾಯಿ ಬಿಡುವುದಿಲ್ಲ.)

ಉತ್ತರ ಸರಳ. ಒಳಗೆ ಯಾವ ಕಾರ್ಡ್ ಇದೆ ಅಂತ ಒಡೆದ ಮೇಲೇ ಗೊತ್ತಾಗುವ ಪ್ಯಾಕೆಟ್ಟುಗಳನ್ನು ನಾನು ಒಡೆಯುವುದಿಲ್ಲ. ಆಡಲು ಯಾವ ಕಾರ್ಡ್ ಬೇಕೋ ಅದನ್ನಷ್ಟೇ ಬಿಡಿಯಾಗಿ ಕೊಳ್ಳುತ್ತೇನೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೊರಗಿನಿಂದ ನೋಡಿದವರಿಗೆ ಇದು ಒಂದೇ ಹವ್ಯಾಸ. ಒಳಗೆ ಮೂರು ಇವೆ: ಆಡುವುದು, ಕೂಡಿಡುವುದು, ಪ್ಯಾಕೆಟ್ ಒಡೆಯುವ ಖುಷಿ. ರೇಟ್ ಏರಿದ್ದು ಜಾಸ್ತಿ ತಟ್ಟಿರುವುದು ಕಡೆಯ ಎರಡಕ್ಕೆ. ಆಡುವವನಿಗೆ ಬೇಕಾದದ್ದು 60 ಕಾರ್ಡಿನ ಒಂದು ಡೆಕ್, ಅಂದರೆ ಆಡಲು ಜೋಡಿಸಿಕೊಂಡ ಕಟ್ಟು, ಅಷ್ಟೇ. ಅದರಲ್ಲಿ ಒಂದೇ ಹೆಸರಿನವು ನಾಲ್ಕಕ್ಕಿಂತ ಹೆಚ್ಚು ಇರುವಂತಿಲ್ಲ. ದಾಳಿಗೆ ಶಕ್ತಿ ಕೊಡುವ ಬೇಸಿಕ್ ಎನರ್ಜಿ ಕಾರ್ಡಿಗೆ ಮಾತ್ರ ಈ ಮಿತಿ ಇಲ್ಲ, ಅವನ್ನು ಯಾರಾದರೂ ಸುಮ್ನೆ ಕೊಟ್ಟುಬಿಡುತ್ತಾರೆ.

2023ರಲ್ಲಿ ಬಂದ ಆಬ್ಸಿಡಿಯನ್ ಫ್ಲೇಮ್ಸ್ ಅನ್ನುವ ಸೆಟ್ಟಿನ (ಒಟ್ಟಿಗೆ ಬಿಡುಗಡೆಯಾಗುವ ಕಾರ್ಡುಗಳ ಗುಂಪಿಗೆ ಸೆಟ್ ಅನ್ನುತ್ತಾರೆ) ಚಾರಿಜಾರ್ಡ್ ಇಎಕ್ಸ್ ಕಾರ್ಡ್ ತಗೊಳ್ಳಿ. ಅದೇ ಸೆಟ್ಟಿನಲ್ಲಿ ಅದು ಸಾದಾ ರೂಪದಲ್ಲೂ ಇದೆ, ಕಾರ್ಡ್ ತುಂಬ ಚಿತ್ರ ಇರುವ ರೂಪದಲ್ಲೂ ಇದೆ, ಬಂಗಾರದ ಬಣ್ಣದಲ್ಲೂ ಇದೆ. ಎಲ್ಲದರ ಎಚ್‌ಪಿ, ಅಂದರೆ ಎಷ್ಟು ಪೆಟ್ಟು ತಾಳುತ್ತದೆ ಅನ್ನುವ ಅಂಕಿ, 330. ದಾಳಿಯೂ ಒಂದೇ, ಕೆಳಗೆ ಬರೆದ ಮಾತೂ ಒಂದೇ. ಆದರೆ ಸಾದಾ ಕಾರ್ಡಿಗೂ ವಿಶೇಷ ಚಿತ್ರದ ಕಾರ್ಡಿಗೂ ಬೆಲೆಯಲ್ಲಿ ಅಜಗಜಾಂತರ. ಎದುರಿಗೆ ಕೂತವನು ಎರಡಕ್ಕೂ ಒಂದೇ ಪೆಟ್ಟು ತಿನ್ನುತ್ತಾನೆ, ಅಲ್ವಾ? ನನಗೆ ಸಾದಾದ್ದೇ ಸಾಕು.

ಇನ್ನು ಟ್ರೇನರ್ ಕಾರ್ಡ್, ಅಂದರೆ ಆಟದಲ್ಲಿ ನಮ್ಮ ಪೋಕೆಮಾನ್ ಪ್ರಾಣಿಗಳಿಗೆ ನೆರವಾಗುವ ಕಾರ್ಡ್. ಪ್ರೊಫೆಸರ್ಸ್ ರಿಸರ್ಚ್, ಬಾಸಸ್ ಆರ್ಡರ್ಸ್, ಅಲ್ಟ್ರಾ ಬಾಲ್ ತರಹದವು ಎಷ್ಟೋ ಡೆಕ್‌ಗಳಲ್ಲಿ ಬರುತ್ತವೆ. ಇವನ್ನು ಒಮ್ಮೆ ನಾಲ್ಕು ನಾಲ್ಕು ಕೊಂಡಿಟ್ಟುಕೊಂಡರೆ ಅರ್ಧ ಡೆಕ್ ಆದಂತೆ, ಆಮೇಲೆ ಪೋಕೆಮಾನ್ ಮಾತ್ರ ಬದಲಿಸುತ್ತಾ ಹೋಗಬಹುದು. ಒಂದು ಕಾರ್ಡ್ ಹೊಸ ಸೆಟ್ಟಿನಲ್ಲಿ ಮತ್ತೆ ಅಚ್ಚಾದರೆ ಅದರ ಹಳೇ ಪ್ರತಿಯನ್ನೂ ಆಡಬಹುದು ಅನ್ನುವ ನಿಯಮ ಇದೆ, ಹಾಗಾಗಿ ಹಳೇ ಟ್ರೇನರ್ ಕಾರ್ಡುಗಳನ್ನು ನಾನು ಯಾರಿಗೂ ಕೊಡುವುದಿಲ್ಲ.

ಅಷ್ಟಕ್ಕೂ ರೇಟ್ ಯಾಕೆ ಏರಿತು? ಕಾರ್ಡ್ ಕಡಿಮೆ ಅಚ್ಚಾಗಿ ಅಂತ ಬಹಳ ಜನ ಅಂದುಕೊಂಡಿದ್ದಾರೆ. 1996ರಲ್ಲಿ ಜಪಾನಿನಲ್ಲಿ ಶುರುವಾದ ಈ ಆಟದ ಕಾರ್ಡುಗಳು 2025ರ ಮಾರ್ಚ್ ಹೊತ್ತಿಗೆ ಒಟ್ಟು 7,500 ಕೋಟಿ ದಾಟಿವೆ. ಅದರಲ್ಲಿ ಕೊನೆಯ ಒಂದೇ ವರ್ಷದ್ದು 1,000 ಕೋಟಿ ಮೇಲೆ! ಕಾರ್ಡಿಗೇನೂ ಬರ ಬಂದಿಲ್ಲ. ಕೊಳ್ಳುವವರು ಅದಕ್ಕಿಂತ ಜಾಸ್ತಿ ಆಗಿದ್ದಾರೆ, ಅವರಲ್ಲಿ ಬಹಳಷ್ಟು ಜನ ಆಡುವವರೇ ಅಲ್ಲ. 2020ರ ಲಾಕ್‌ಡೌನ್‌ನಲ್ಲಿ ಮನೆಯಲ್ಲಿ ಕೂತವರು ಹಳೇ ಡಬ್ಬಿ ತೆಗೆದರು. 2021ರಲ್ಲಿ ಅಮೆರಿಕದ ಯೂಟ್ಯೂಬರ್ ಲೋಗನ್ ಪಾಲ್ ಪಿಕಾಚು ಇಲಸ್ಟ್ರೇಟರ್ ಅನ್ನುವ ಬಲು ಅಪರೂಪದ ಒಂದು ಕಾರ್ಡನ್ನು ಸುಮಾರು 53 ಲಕ್ಷ ಡಾಲರ್ ಬೆಲೆಗೆ ಕೊಂಡ. ಆ ಸುದ್ದಿ ಓದಿದ ಮೇಲೆ ಪ್ಯಾಕೆಟ್ಟಿನ ಬಾಕ್ಸ್ ಕೊಂಡು ಒಡೆಯದೆ ಕಪಾಟಿನಲ್ಲಿ ಇಡುವವರು ಹೆಚ್ಚಿದರು, ನಾಳೆ ಜಾಸ್ತಿಗೆ ಮಾರೋಣ ಅಂತ. ನಮಗೆ ಇದರ ಮೇಲೆ ರೂಪಾಯಿಯ ಹೊಡೆತ ಬೇರೆ. 2014ರಲ್ಲಿ ಡಾಲರಿಗೆ 60 ರೂಪಾಯಿ ಆಸುಪಾಸು ಇತ್ತು, 2024ರ ಕೊನೆಗೆ 85 ದಾಟಿತು. ಅಲ್ಲಿ ಬೆಲೆ ಇದ್ದಲ್ಲೇ ಇದ್ದರೂ ಹುಬ್ಬಳ್ಳಿಗೆ ಬರುವಷ್ಟರಲ್ಲಿ ಏರಿರುತ್ತದೆ, ಕೊರಿಯರ್ ಮತ್ತು ಕಸ್ಟಮ್ಸ್ ಸುಂಕ ಸೇರಿದರಂತೂ ಕೇಳಲೇಬೇಡಿ.

ಹಾಗಾಗಿ ನಾವು ಗೆಳೆಯರು ಒಬ್ಬೊಬ್ಬರೇ ತರಿಸುವುದಿಲ್ಲ. ಯಾರಿಗೆ ಏನು ಬೇಕು ಅಂತ ಗ್ರೂಪಿನಲ್ಲಿ ಹಾಕುತ್ತಾರೆ, ಪಟ್ಟಿ ಸ್ವಲ್ಪ ಉದ್ದ ಆದ ಮೇಲೆ ಬೆಂಗಳೂರಿನ ಒಬ್ಬ ಮಾರಾಟಗಾರನಿಂದ ಒಂದೇ ಪಾರ್ಸೆಲ್ ಬರುತ್ತದೆ, ಕೊರಿಯರ್ ಖರ್ಚು ಹಂಚಿಕೊಳ್ಳುತ್ತೇವೆ. ಆಡುವುದು ಧಾರವಾಡದಲ್ಲಿ, ಸಪ್ತಾಪುರದ ಒಬ್ಬರ ಮನೆಯಲ್ಲಿ. ಹುಬ್ಬಳ್ಳಿಯವರು ಚಿಗರಿ ಬಸ್ ಹತ್ತಿ ಹೋಗುತ್ತೇವೆ. ಅಲ್ಲಿ ಮ್ಯಾಜಿಕ್ ಆಡುವವರೂ ಇದ್ದಾರೆ. ಮ್ಯಾಜಿಕ್ ಅಂದರೆ 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಮಾಡಿದ ಆಟ, ಈ ಜಾತಿಯ ಆಟಗಳಿಗೆಲ್ಲ ಹಿರಿಯಣ್ಣ. ಅದರ ಕೆಲವು ಹಳೇ ಕಾರ್ಡುಗಳನ್ನು ಇನ್ನೆಂದೂ ಅಚ್ಚು ಹಾಕುವುದಿಲ್ಲ ಅಂತ ಕಂಪನಿ 1996ರಲ್ಲೇ ಮಾತು ಕೊಟ್ಟುಬಿಟ್ಟಿದೆ. ಅವುಗಳ ಬೆಲೆ ಕೇಳಿ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಕಡಿಮೆ ಖರ್ಚಿನಲ್ಲಿ ಆಡುವ ಒಳ್ಳೇ ಉಪಾಯವೂ ಅಲ್ಲಿಂದಲೇ ಬಂದದ್ದು. ಅದಕ್ಕೆ ಕ್ಯೂಬ್ ಅನ್ನುತ್ತಾರೆ. ಬೇರೆ ಬೇರೆ ಹೆಸರಿನ 360 ಕಾರ್ಡ್ ಕೂಡಿಸಿ ಒಂದು ಡಬ್ಬಿಯಲ್ಲಿ ಇಡುವುದು. ಎಂಟು ಜನ ಕೂತರೆ ತಲೆಗೆ 45. ಕಲಸಿ, ಹಂಚಿ, ಒಂದೊಂದೇ ಆರಿಸಿಕೊಂಡು ಡೆಕ್ ಕಟ್ಟಿ ಆಡಿ, ಸಂಜೆಗೆ ಎಲ್ಲಾ ಮತ್ತೆ ಡಬ್ಬಿಗೆ. ಪ್ಯಾಕೆಟ್ ಒಡೆದಷ್ಟೇ ಕುತೂಹಲ ಪ್ರತಿ ಸಲ, ಹೊಸ ಖರ್ಚಿಲ್ಲ. ಸುಲಭವಾಗಿ ಸಿಗುವ ಕಾಮನ್ ಕಾರ್ಡುಗಳಿಂದಲೇ ಮಾಡಿದರೆ ಇನ್ನೂ ಅಗ್ಗ. ಎಲ್ಲರೂ ವಂತಿಗೆ ಹಾಕಿ ಮಾಡಿದ ಡಬ್ಬಿ ಒಂದು ನಮ್ಮಲ್ಲಿ ಇದೆ. ನನ್ನನ್ನು ಕೇಳಿದರೆ ಈ ಹವ್ಯಾಸಕ್ಕೆ ಹಾಕಿದ ರೊಕ್ಕದಲ್ಲಿ ಅದರಷ್ಟು ವಸೂಲಾದದ್ದು ಬೇರೆ ಯಾವುದೂ ಅಲ್ಲ.

ಪೋಕೆಮಾನ್‌ನಲ್ಲಿ ಇದಕ್ಕೆ ಹತ್ತಿರದ್ದು ಜಿಮ್ ಲೀಡರ್ ಚಾಲೆಂಜ್ ಅನ್ನುವ ಆಡುವ ರೀತಿ. ಪೋಕೆಮಾನ್ ಎಲ್ಲಾ ಒಂದೇ ಬಗೆಯವು (ಎಲ್ಲಾ ಬೆಂಕಿಯವು, ಇಲ್ಲಾ ಎಲ್ಲಾ ನೀರಿನವು, ಹೀಗೆ) ಇರಬೇಕು, ಬೇಸಿಕ್ ಎನರ್ಜಿ ಬಿಟ್ಟು ಪ್ರತಿ ಹೆಸರಿನದು ಒಂದೇ ಕಾರ್ಡ್, ಇಎಕ್ಸ್ ತರಹದ ದೊಡ್ಡವಕ್ಕೆ ಪ್ರವೇಶ ಇಲ್ಲ. ದುಬಾರಿ ಕಾರ್ಡ್ ಇದ್ದವನು ಅದನ್ನು ಮನೆಯಲ್ಲೇ ಬಿಟ್ಟು ಬರಬೇಕು. ಚೆನ್ನಾಗಿ ನಡೆಯುತ್ತದೆ.

ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಆಡಬಹುದಾ ಅಂತಲೂ ಕೇಳುತ್ತಾರೆ. ಮನೆಯಲ್ಲಿ, ಗೆಳೆಯರ ಜೊತೆ, ಎಲ್ಲರಿಗೂ ಗೊತ್ತಿದ್ದು ಆಡಿದರೆ ನನ್ನ ತಕರಾರಿಲ್ಲ. ಕೊಳ್ಳುವ ಮುಂಚೆ ಡೆಕ್ ಕೈಗೆ ಹತ್ತುತ್ತದಾ ನೋಡಲು ನಾನೂ ಹಾಗೇ ಮಾಡುತ್ತೇನೆ. ಅಧಿಕೃತ ಟೂರ್ನಮೆಂಟಿನಲ್ಲಿ ಮಾತ್ರ ನಡೆಯುವುದಿಲ್ಲ. ಪೋಕೆಮಾನ್ ಟಿಸಿಜಿ ಲೈವ್ ಅನ್ನುವ ಆ್ಯಪ್ ಕೂಡ ಪುಕ್ಕಟೆ, ಮೊದಲು ಅಲ್ಲಿ ಆಡಿ ನೋಡಿ.

ಒಂದು ಖರ್ಚಿನಲ್ಲಿ ಮಾತ್ರ ಜಿಪುಣತನ ಮಾಡಬೇಡಿ: ಸ್ಲೀವ್, ಅಂದರೆ ಕಾರ್ಡಿಗೆ ಹಾಕುವ ಪ್ಲಾಸ್ಟಿಕ್ ಕವರ್. ಧಾರವಾಡದ ಮಳೆಗಾಲದ ಥಂಡಿಗೆ ಹೊಳೆಯುವ ಕಾರ್ಡ್ ಬಿಲ್ಲಿನಂತೆ ಬಾಗುತ್ತದೆ. ಕಾಗದ ತೇವ ಹೀರಿ ಹಿಗ್ಗುತ್ತದೆ, ಮೇಲಿನ ಹೊಳೆಯುವ ಪದರ ಹಿಗ್ಗುವುದಿಲ್ಲ, ಅದಕ್ಕೇ. ಹೊಸ ಬೂಟಿನ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಬಿಸಾಡದೆ ಕಾರ್ಡಿನ ಡಬ್ಬಿಗೆ ಹಾಕಿ.

ಇನ್ನು ಅಪ್ಪಂದಿರಿಗೆ. ಮಗ ಹುಬ್ಬಳ್ಳಿಯ ದುರ್ಗದ ಬೈಲಿನ ಪೇಟೆಯಲ್ಲೋ ಶಾಲೆ ಹತ್ತಿರದ ಅಂಗಡಿಯಲ್ಲೋ ಹತ್ತಿಪ್ಪತ್ತು ರೂಪಾಯಿಯ ಪ್ಯಾಕೆಟ್ ಕೊಂಡರೆ ಅದು ನಕಲಿ. ಪೂರ್ತಿ ಬಂಗಾರದ ಬಣ್ಣದ ಪ್ಲಾಸ್ಟಿಕ್ ಕಾರ್ಡಿನ ಕಟ್ಟು ಅಗ್ಗಕ್ಕೆ ಸಿಕ್ಕರೆ ಅದೂ ನಕಲಿ. ಹಿಂಬದಿಯ ನೀಲಿ ಪೇಲವ ಇರುತ್ತದೆ, ಅಕ್ಷರ ತಪ್ಪಿರುತ್ತವೆ, ಬೆಳಕಿಗೆ ಹಿಡಿದರೆ ಅಸಲಿಗಿಂತ ಜಾಸ್ತಿ ಬೆಳಕು ಹಾಯುತ್ತದೆ. ಹುಡುಗರು ಅದರಲ್ಲೇ ಆಡಿಕೊಳ್ಳಲಿ ಬಿಡಿ, ಅಸಲಿ ಕಾರ್ಡಿಗೆ ಬದಲಾಯಿಸಿಕೊಳ್ಳುವಾಗ ಮಾತ್ರ ಹೇಳಿಬಿಡಬೇಕು. ನಿಜವಾಗಿಯೂ ಆಟ ಕಲಿಯಬೇಕು ಅಂದರೆ ಹತ್ತು ಪ್ಯಾಕೆಟ್ ಬದಲು ಒಂದು ಲೀಗ್ ಬ್ಯಾಟಲ್ ಡೆಕ್ ಕೊಡಿಸಿ. ಡೆಕ್ ಕಟ್ಟಿಯೇ ಬಂದಿರುತ್ತದೆ, ಆಡಲು ಬೇಕಾದ ಟ್ರೇನರ್ ಕಾರ್ಡುಗಳೂ ಇರುತ್ತವೆ. ಅವನ ಜೊತೆ ಆಡಲು ಇನ್ನೊಂದು ಡೆಕ್ ಬೇಕಾಗುತ್ತದೆ, ಅದನ್ನು ನಿಮ್ಮ ಹೆಸರಿಗೆ ತಗೊಳ್ಳಿ.